ಚೆಂಡು, ಮಾರುಕಟ್ಟೆ, ಭಾಷೆ: ಒಂದು ಚರ್ಚಾಪಾಠ

ಉದ್ದೇಶ: ಕ್ರೀಡೆಯು ಗಡಿ ದಾಟುವಾಗ ವ್ಯಾಪಾರವೂ ಭಾಷೆಯೂ ವಹಿಸುವ ಪಾತ್ರವನ್ನು ವಿವೇಚಿಸುವುದು.

ವಿಷಯ: ಆಸ್ಟ್ರೇಲಿಯಾದ ಪೋರ್ಟ್ ಅಡಿಲೇಡ್ ಕ್ಲಬ್ಬು ಚೀನಾದ ಮಾರುಕಟ್ಟೆಯನ್ನು ಬಯಸಿ 2017ರಲ್ಲಿ ಶಾಂಘೈಯಲ್ಲಿ ತನ್ನ ಲೀಗ್ ಪಂದ್ಯವನ್ನಾಡಿತು, 2019ರ ಬಳಿಕ ಅಲ್ಲಿ ಪಂದ್ಯ ನಡೆಯಲಿಲ್ಲ. ಅದೇ 2019ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬು ಬೆಂಗಳೂರು ಎಫ್.ಸಿ.ಯೊಡನೆ ಒಪ್ಪಂದ ಮಾಡಿಕೊಂಡಿತು. ಮೊದಲನೆಯದು ಅಪರಿಚಿತ ಆಟವನ್ನೇ ಪರಿಚಯಿಸಬೇಕಿತ್ತು. ಎರಡನೆಯದಕ್ಕೆ ಫುಟ್ಬಾಲಿನ ಅಭಿಮಾನಿಗಳು ಮೊದಲೇ ಇದ್ದರು.

ಚರ್ಚೆ: ತೃಕ್ಕರಿಪುರದ ಫುಟ್ಬಾಲ್ ಪ್ರೀತಿಯನ್ನು ನೆನಪಿಸಿ, ಆಟವು ಬೇರೂರುವುದು ಹಣದಿಂದಲೋ ಊರಿನ ಒಲವಿನಿಂದಲೋ ಎಂದು ಕೇಳಿರಿ.

ಚಟುವಟಿಕೆ: ಹೊರನಾಡಿನ ಕ್ಲಬ್ಬೊಂದು ಮಂಜೇಶ್ವರಕ್ಕೆ ಬರುವುದಾದರೆ ಜನರನ್ನು ಯಾವ ಭಾಷೆಯಲ್ಲಿ ಕರೆಯಬೇಕು? ಗುಂಪುಗಳು ಕನ್ನಡದಲ್ಲಿ ಆಮಂತ್ರಣ ಬರೆಯಲಿ. ಅದನ್ನು ತುಳು, ಮಲಯಾಳ, ಬ್ಯಾರಿ ಮನೆಮಾತಿನ ಮಕ್ಕಳು ತಮ್ಮ ನುಡಿಯಲ್ಲಿ ಹೇಳಲಿ.

ಮೌಲ್ಯಮಾಪನ: ನಿಲುವಿಗಿಂತ, ಅದಕ್ಕೆ ಕೊಟ್ಟ ಕಾರಣವನ್ನು ಗಮನಿಸಿರಿ.