ಅಚ್ಚು ಎಲ್ಲರದು, ಕಾರ್ಡು ಒಬ್ಬರದು

ಚಾಮರಾಜಪೇಟೆ, ಬೆಂಗಳೂರು

ಮುದ್ದಿನ ಮೊಮ್ಮಗಳಿಗೆ,

  

ಉಳಿಸಿಟ್ಟ ದುಡ್ಡಿನಲ್ಲಿ ಕೈಯಿಂದ ತಿರುಗಿಸುವ ಡೈ ಕಟಿಂಗ್ ಯಂತ್ರ ಕೊಂಡೆಯಂತೆ, ಈ ಸಂಕ್ರಾಂತಿಗೆ ನೆಂಟರಿಷ್ಟರಿಗೆಲ್ಲ ನೀನೇ ಮಾಡಿದ ಶುಭಾಶಯದ ಕಾರ್ಡು ಕಳಿಸುತ್ತೀಯಂತೆ. ನಿನ್ನಮ್ಮ ಹೇಳಿದಳು. ಇದೂ ಒಂದು ಗೀಳು ಎಂಬ ಧಾಟಿಯಲ್ಲೇ ಹೇಳಿದಳು. ನನಗೆ ಮಾತ್ರ ಕೇಳಿ ಖುಷಿಯಾಯಿತು. ನನ್ನ ದುಡಿಮೆಯ ಕಾಲವೆಲ್ಲ ಕಳೆದದ್ದು ಸುಲ್ತಾನಪೇಟೆಯ ಲಗ್ನಪತ್ರಿಕೆ ಪ್ರೆಸ್ಸುಗಳಲ್ಲಿ, ಡೈ ಪಂಚಿಂಗ್ ಯಂತ್ರದ ಮುಂದೆ. ಹಾಗಾಗಿ ಈ ಒಂದು ವಿಷಯದಲ್ಲಾದರೂ ನಿನಗೆ ನಾಲ್ಕು ಮಾತು ಹೇಳುವ ಹಕ್ಕು ತಾತನಿಗಿದೆ. ಪತ್ರ ಉದ್ದವಾದರೆ ಎರಡು ಕಂತಿನಲ್ಲಿ ಓದಿಕೋ.

ನಮ್ಮ ಕಾಲದ ಡೈ ಹೇಗಿರುತ್ತಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ಪ್ಲೈವುಡ್ ಹಲಗೆಯ ಮೇಲೆ ಕಾರ್ಡಿನ ಆಕಾರ ಬರೆದು, ಗೆರೆಯ ಗುಂಟ ಸಣ್ಣ ಗರಗಸದಲ್ಲಿ ಸೀಳಿ, ಆ ಸೀಳಿನೊಳಗೆ ರೂಲು ಎಂಬ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಕೂರಿಸುತ್ತಿದ್ದರು. ಕತ್ತರಿಸುವ ರೂಲಿನ ಎತ್ತರ ಸಾಮಾನ್ಯವಾಗಿ 23.8 ಮಿಲಿಮೀಟರ್. ಮಡಿಕೆ ಬೀಳಬೇಕಾದ ಜಾಗಕ್ಕೆ ಕ್ರೀಸಿಂಗ್ ರೂಲು. ಅದರ ಅಂಚು ಮೊಂಡು, ಎತ್ತರವೂ ತುಸು ಕಡಿಮೆ. ರೂಲಿನ ಎರಡೂ ಬದಿಗೆ ರಬ್ಬರು ಅಂಟಿಸದಿದ್ದರೆ ಕತ್ತರಿಸಿದ ಕಾಗದ ಡೈಯೊಳಗೇ ಕಚ್ಚಿಕೊಳ್ಳುತ್ತಿತ್ತು. ರೂಲಿನ ಅಂಚಿಗೆ ಅಲ್ಲಲ್ಲಿ ಸಣ್ಣ ಕಚ್ಚು ಹಾಕುತ್ತಿದ್ದೆವು. ನಿಕ್ ಎಂದು ಅದರ ಹೆಸರು. ಆ ಕಚ್ಚು ಇದ್ದಲ್ಲಿ ಕಾಗದ ಕತ್ತರಿಸದೆ ಉಳಿಯುವುದರಿಂದ ಹಾಳೆ ಚೆಲ್ಲಾಪಿಲ್ಲಿಯಾಗದೆ ಒಂದಾಗಿ ಹೊರಬರುತ್ತಿತ್ತು. ಆಮೇಲೆ ಕಟ್ಟುಕಟ್ಟಾಗಿ ತಟ್ಟಿ ವೇಸ್ಟು ಬಿಡಿಸುವುದು ಹುಡುಗರ ಕೆಲಸ.

ಈ ಕಸುಬು ಹುಟ್ಟಿದ್ದು ಕಾರ್ಡಿಗಾಗಿ ಅಲ್ಲ. 19ನೇ ಶತಮಾನದ ಬೂಟಿನ ಕಾರ್ಖಾನೆಗಳಲ್ಲಿ ಅಟ್ಟೆಯ ಚರ್ಮವನ್ನು ಒಂದೇ ಅಳತೆಗೆ ಕತ್ತರಿಸಲು ಡೈ ಬೇಕಾಯಿತು. 1879ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಕಾಗದದ ಚೀಲ ಮಾಡುತ್ತಿದ್ದ ರಾಬರ್ಟ್ ಗೇರ್ ಎಂಬಾತನ ಪ್ರೆಸ್ಸಿನಲ್ಲಿ, ಮಡಿಕೆ ಹಾಕಬೇಕಿದ್ದ ಲೋಹದ ರೂಲು ಜಾಗ ತಪ್ಪಿ ಚೀಲಗಳನ್ನು ಕತ್ತರಿಸಿಬಿಟ್ಟಿತು. ಕತ್ತರಿಸುವುದನ್ನೂ ಮಡಿಸುವುದನ್ನೂ ಒಂದೇ ಒತ್ತಿನಲ್ಲಿ ಮಾಡಬಹುದಲ್ಲ ಎಂದು ಆತನಿಗೆ ಹೊಳೆದದ್ದು ಆಗಲೇ. ಇವತ್ತು ಟೂತ್‌ಪೇಸ್ಟಿನಿಂದ ಹಿಡಿದು ಮಾತ್ರೆಯವರೆಗೆ ನೀನು ಬಿಚ್ಚುವ ರಟ್ಟಿನ ಡಬ್ಬಿಗಳೆಲ್ಲ ಆ ದಾರಿಯಲ್ಲೇ ಬಂದವು. ಅಂದರೆ ಡೈ ಎಂಬುದು ಒಂದೇ ಥರದ ಸಾವಿರ ತುಂಡುಗಳಿಗಾಗಿ ಹುಟ್ಟಿದ ಸಾಧನ. ನಾವೂ ಹಾಗೇ ದುಡಿದೆವು. ಯಾರದೋ ಮದುವೆ, ಯಾರೋ ಬೀಗರು. ಮುಖ ನೋಡದವರಿಗೆ ಸಾವಿರ ಪತ್ರಿಕೆ.

ಈಗ ಅದೇ ಸಾಧನ ನಿನ್ನ ಮೇಜಿಗೆ ಬಂದಿದೆ, ಆದರೆ ಕೆಲಸ ತಿರುಗುಮುರುಗಾಗಿದೆ. ಒಂದೇ ಡೈಯಿಂದ ಹತ್ತು ಜನಕ್ಕೆ ಹತ್ತು ಬೇರೆ ಕಾರ್ಡು ಹುಟ್ಟಬೇಕು. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಬೇಕಾದ ಕೈಕೆಲಸ.

ಕೈಕೆಲಸದಿಂದಲೇ ಶುರು ಮಾಡೋಣ. ನಿನ್ನ ಯಂತ್ರದಲ್ಲಿರುವುದು ಎರಡು ಉರುಳೆ, ಒಂದು ಹಿಡಿ. ಕಬ್ಬಿನ ಗಾಣದ ಹಾಗೆ, ನಡುವೆ ತೂರಿಸಿದ್ದು ಒತ್ತಿಸಿಕೊಂಡು ಆಚೆ ಬರುತ್ತದೆ. ಒತ್ತಡ ಸಮನಾಗಿ ಬೀಳಬೇಕಾದರೆ ಪದರಗಳ ಜೋಡಣೆ ಸರಿಯಿರಬೇಕು. ತಳದ ಹಲಗೆ, ಅದರ ಮೇಲೆ ಕತ್ತರಿಸುವ ಪಾರದರ್ಶಕ ಪ್ಲೇಟು, ಅದರ ಮೇಲೆ ಕಾಗದ, ಕಾಗದದ ಮೇಲೆ ಹರಿತವಾದ ಅಂಚು ಕೆಳಮುಖವಾಗಿ ಡೈ, ಕೊನೆಗೆ ಇನ್ನೊಂದು ಪ್ಲೇಟು. ಯಂತ್ರದಿಂದ ಯಂತ್ರಕ್ಕೆ ಇದು ಕೊಂಚ ಬದಲಾಗುತ್ತದೆ, ಜೊತೆಗೆ ಬಂದ ಪುಸ್ತಿಕೆ ನೋಡಿಕೋ. ತಿರುಗಿಸುವಾಗ ಕಟಕಟ ಸದ್ದಾದರೆ ಹೆದರಬೇಡ, ಪ್ಲೇಟಿನ ಸದ್ದು ಅದು. ಹಿಡಿ ಮಿತಿಮೀರಿ ಬಿಗಿಯಾದರೆ ಮಾತ್ರ ನಿಲ್ಲಿಸು; ಎಲ್ಲೋ ಒಂದು ಪದರ ಹೆಚ್ಚಾಗಿದೆ ಎಂದರ್ಥ.

ನಿನ್ನ ಡೈಗಳು ನಮ್ಮವುಗಳಂತಲ್ಲ, ತೆಳ್ಳಗಿನ ಉಕ್ಕಿನ ತಗಡು. ರಾಸಾಯನಿಕದಿಂದ ಕೊರೆದು ಅಂಚು ಉಳಿಸಿರುತ್ತಾರೆ. ಚೌಕ, ಆಯತದಂಥ ನೇರ ಅಂಚಿನ ಡೈಯನ್ನು ಪ್ಲೇಟಿನ ಮೇಲೆ ತುಸು ಓರೆಯಾಗಿಡು. ಆಗ ಇಡೀ ಅಂಚು ಒಂದೇ ಸಲಕ್ಕೆ ಉರುಳೆಗೆ ಎದುರಾಗುವುದಿಲ್ಲ, ಹಿಡಿ ಹಗುರವಾಗುತ್ತದೆ. ಡೈ ಸರಿಯದಂತೆ, ಎಳೆದರೆ ಕಾಗದ ಕೀಳದ ಟೇಪಿನ ಚೂರು ಅಂಟಿಸು. ಜಾಲರಿಯಂಥ ಸೂಕ್ಷ್ಮ ಡೈಯಾದರೆ ಕಾಗದಕ್ಕೂ ಡೈಗೂ ನಡುವೆ ಮೇಣದ ಕಾಗದದ ಒಂದು ತುಂಡಿಡು, ಕತ್ತರಿಸಿದ್ದು ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಪ್ಲೇಟುಗಳು ದಿನ ಕಳೆದಂತೆ ಬಾಗುತ್ತವೆ. ಪ್ರತಿ ಸಲ ಮಗುಚಿ ಬಳಸಿದರೆ ಬಾಗು ಒಂದೇ ಕಡೆಗೆ ನಿಲ್ಲುವುದಿಲ್ಲ. ಡೈಯ ಒಂದು ಮೂಲೆ ಮಾತ್ರ ಕತ್ತರಿಸದೆ ಉಳಿದರೆ ಹಿಡಿಯನ್ನು ಜೋರಾಗಿ ತಿರುಗಿಸಿ ಪ್ರಯೋಜನವಿಲ್ಲ. ಪ್ರೆಸ್ಸಿನಲ್ಲಿ ನಾವು ಆ ಮೂಲೆಯ ಅಡಿಗಷ್ಟೇ ತೆಳು ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಪ್ಯಾಕಿಂಗ್ ಕೊಡುವುದು ಎನ್ನುತ್ತಿದ್ದೆವು ಅದಕ್ಕೆ. ನಿನ್ನ ಪುಟ್ಟ ಯಂತ್ರಕ್ಕೂ ಅದೇ ಮದ್ದು.

ಕಾಗದದ ವಿಷಯ. ಕಾರ್ಡಿನ ಮೈಗೆ 250ರಿಂದ 300 ಜಿ.ಎಸ್.ಎಂ. (ಒಂದು ಚದರ ಮೀಟರ್ ಹಾಳೆ ತೂಗುವ ಗ್ರಾಂ) ಬೋರ್ಡು ತಗೋ, ಕತ್ತರಿಸಿ ಅಂಟಿಸುವ ಹೂ, ಎಲೆಗೆ 120ರಿಂದ 200 ಸಾಕು. ಒಂದು ಎ4 ಹಾಳೆಯನ್ನು ಎರಡು ಪಾಲು ಮಾಡಿ ಒಂದೊಂದನ್ನೂ ಮಡಿಸಿದರೆ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಎರಡು ಕಾರ್ಡು. ಅದಕ್ಕೆ ಹೊಂದುವ ಲಕೋಟೆ ಅಂಗಡಿಯಲ್ಲಿ ಸಿ6 ಎಂಬ ಹೆಸರಲ್ಲಿ ಸಿಗುತ್ತದೆ. ಮಡಿಸುವ ಮುಂಚೆ ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡು. ಯಾವ ದಿಕ್ಕಿಗೆ ಹಟ ಮಾಡದೆ ಬಾಗುತ್ತದೋ ಅದು ಕಾಗದದ ನಾರಿನ ಎಳೆಯ ದಿಕ್ಕು. ಮಡಿಕೆ ಎಳೆಯ ಜೊತೆ ಸಾಗಿದರೆ ಅಂಚು ಬಿರಿಯುವುದಿಲ್ಲ. ಮಡಿಕೆಯ ಗೆರೆ ಹಾಕಲು ಇಂಕು ಮುಗಿದ ಬಾಲ್‌ಪೆನ್ನೂ ಸ್ಕೇಲೂ ಇದ್ದರಾಯಿತು. ಹತ್ತಿಬಟ್ಟೆಯಿಂದ ಮಾಡಿದ ಕೈಕಾಗದ ನೋಡಲು ಚೆಂದ, ಆದರೆ ಅದರ ನಾರು ಉದ್ದ. ಸೂಕ್ಷ್ಮ ಕಸೂತಿಯ ಡೈಗೆ ಅದು ಹರಿಯದೆ ಜಗ್ಗುತ್ತದೆ. ವೃತ್ತ, ಎಲೆಯಂಥ ಸರಳ ಆಕಾರಕ್ಕೆ ಮಾತ್ರ ಅದನ್ನು ಬಳಸು.

ಇನ್ನು ಡೈ ಕೊಳ್ಳುವ ಚಪಲದ ಬಗ್ಗೆ. ಅಂಗಡಿಯ ಕಪಾಟು ನೋಡಿದರೆ ಕ್ರಿಸ್‌ಮಸ್ ಮರ, ಹಿಮಸಾರಂಗ, ಇಂಗ್ಲಿಷಿನ ಶುಭಾಶಯ ಇವೇ ಹೆಚ್ಚು. ಎಲ್ಲವನ್ನೂ ಕೊಳ್ಳಬೇಕು ಅನ್ನಿಸುತ್ತದೆ. ಬೇಡ. ಹಿರಿದು ಕಿರಿದಾಗಿ ಒಂದರೊಳಗೊಂದು ಕೂರುವ ವೃತ್ತಗಳು, ಹಾಗೇ ಆಯತಗಳು, ಒಂದು ನೀಳ ಎಲೆ, ಒಂದು ಐದೆಸಳಿನ ಹೂ, ಇಷ್ಟಿದ್ದರೆ ವರ್ಷದ ಹಬ್ಬಗಳೆಲ್ಲ ಮುಗಿಯುತ್ತವೆ. ಆ ನೀಳ ಎಲೆಯನ್ನೇ ನೋಡು. ಕಡು ಹಸಿರಿನಲ್ಲಿ ಸಾಲಾಗಿ ಇಳಿಬಿಟ್ಟರೆ ಯುಗಾದಿಯ ಮಾವಿನ ತೋರಣ. ತಿಳಿ ಹಸಿರಿನಲ್ಲಿ ಕತ್ತರಿಸಿ ಬೆನ್ನನ್ನು ಪೆನ್ಸಿಲಿಗೆ ಸುತ್ತಿ ಬಾಗಿಸಿ, ಕಂದು ಪಟ್ಟಿಯ ತುದಿಗೆ ಅಂಟಿಸಿದರೆ ಸಂಕ್ರಾಂತಿಯ ಕಬ್ಬು. ಹಳದಿ ಕಾಗದದಲ್ಲಿ ಒಂದೇ ಒಂದು ಎಲೆ ನೆಟ್ಟಗೆ ನಿಲ್ಲಿಸಿದರೆ ದೀಪಾವಳಿಯ ದೀಪದ ಕುಡಿ. ಒಂದರ ಮೇಲೊಂದು ಹೊದಿಸಿದರೆ ಸಕ್ಕರೆ ಅಚ್ಚಿನ ಗಿಳಿಗೆ ರೆಕ್ಕೆ. ಕತ್ತರಿಸಿ ಉಳಿದ ಹಾಳೆಯನ್ನೂ ಎಸೆಯಬೇಡ. ಎಲೆಯ ಆಕಾರದ ತೂತುಳ್ಳ ಆ ಹಾಳೆಯ ಹಿಂದೆ ಬೇರೆ ಬಣ್ಣ ಕೊಟ್ಟರೆ ಅದೇ ಇನ್ನೊಂದು ಕಾರ್ಡಿನ ಕಿಟಕಿ. ಮಡಿಸಿದ ಕಾರ್ಡಿನ ಮಡಿಕೆಯಾಚೆಗೆ ಡೈಯ ಅಂಚು ಒಂದಿಷ್ಟು ಹೊರಚಾಚುವಂತೆ ಇಟ್ಟು ತಿರುಗಿಸಿದರೆ ಅಲ್ಲಿ ಮಡಿಕೆ ಕತ್ತರಿಸದೆ ಕೀಲಾಗಿ ಉಳಿಯುತ್ತದೆ. ವೃತ್ತಾಕಾರದಲ್ಲೇ ತೆರೆದುಕೊಳ್ಳುವ ಕಾರ್ಡು ಸಿಗುತ್ತದೆ.

ಪದರದ ಮೇಲೆ ಪದರ ಇಟ್ಟು ನೆರಳು ಬೀಳಿಸುವ ಕಲೆಯಲ್ಲಿ ನಿನಗೊಬ್ಬ ಹಿರಿಯಕ್ಕ ಇದ್ದಾಳೆ. ಅಮೆರಿಕದ ವೂಸ್ಟರ್ ಊರಿನ ಎಸ್ತರ್ ಹೌಲ್ಯಾಂಡ್. 1847ರಲ್ಲಿ ಮೌಂಟ್ ಹೋಲಿಯೋಕ್ ವಿದ್ಯಾಲಯದಲ್ಲಿ ಓದು ಮುಗಿಸಿದ ಹುಡುಗಿ, ಹೆಚ್ಚು ಕಡಿಮೆ ನಿನ್ನದೇ ವಯಸ್ಸು. ಇಂಗ್ಲೆಂಡಿನಿಂದ ಬಂದ, ಕಾಗದದ ಕಸೂತಿಯ ವ್ಯಾಲೆಂಟೈನ್ ಕಾರ್ಡೊಂದನ್ನು ನೋಡಿ, ಇದನ್ನು ನಾನೂ ಮಾಡಬಲ್ಲೆ ಎಂದು ಹೊರಟವಳು. ಅಪ್ಪನದು ಕಾಗದ, ಪುಸ್ತಕದ ಅಂಗಡಿ. ಬಿಳಿ ಕಸೂತಿಯ ಕೆಳಗೆ ಬಣ್ಣದ ಸಣ್ಣ ಬಿಲ್ಲೆ ಅಂಟಿಸಿ ಕಸೂತಿಯನ್ನು ಎದ್ದು ಕಾಣಿಸಿದಳು; ಹಾಳೆಯ ಪಟ್ಟಿಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ ಸ್ಪ್ರಿಂಗಿನಂತೆ ಅಡಿಗಿಟ್ಟು ಮೇಲಿನ ಪದರವನ್ನು ಎತ್ತರಿಸಿದಳು. ಮನೆಯಲ್ಲೇ ಗೆಳತಿಯರನ್ನು ಸಾಲಾಗಿ ಕೂರಿಸಿ, ಒಬ್ಬಳಿಗೆ ಕತ್ತರಿಸುವ, ಇನ್ನೊಬ್ಬಳಿಗೆ ಅಂಟಿಸುವ ಕೆಲಸ ಹಂಚಿ ದೊಡ್ಡ ವ್ಯಾಪಾರವನ್ನೇ ಕಟ್ಟಿದಳು. ಇಂದು ನೀನು ಎರಡು ಬದಿ ಅಂಟುವ ಫೋಮ್ ಟೇಪಿನ ಚೂರಿಟ್ಟು ಹೂವನ್ನು ಎತ್ತರಿಸುತ್ತೀಯಲ್ಲ, ಅದೇ ಉಪಾಯ. ಟೇಪು ಸಿಗದಿದ್ದರೆ ಅವಳ ಹಾಗೆ ಕಾಗದದ ಮಡಿಕೆಯಲ್ಲೇ ಮಾಡು.

ಕನ್ನಡದಲ್ಲಿ ಶುಭಾಶಯ ಕತ್ತರಿಸಬೇಕೆಂದರೆ ತುಸು ಹೆಚ್ಚು ಕೆಲಸವಿದೆ. ನಮ್ಮ ಅಕ್ಷರಕ್ಕೆ ಸಿದ್ಧ ಡೈ ಸಿಗುವುದು ಅಪರೂಪ. ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ಬ್ಲೇಡಿನಿಂದ ಕತ್ತರಿಸುವ ಕ್ರಿಕಟ್, ಸಿಲೂಯೆಟ್‌ನಂಥ ಯಂತ್ರ ಗೆಳತಿಯರ ಬಳಿ ಇದ್ದರೆ ಅದರಲ್ಲಿ ಮಾಡಬಹುದು. ಸಂಕ್ರಾಂತಿ ಎಂದು ಬರೆದು ನೋಡು: ಅನುಸ್ವಾರದ ಸೊನ್ನೆ ಬೇರೆ ನಿಲ್ಲುತ್ತದೆ, ಒತ್ತಕ್ಷರ ಕೆಳಗೆ ಬೇರೆ ನಿಲ್ಲುತ್ತದೆ. ಹಾಗೇ ಕತ್ತರಿಸಿದರೆ ಪದ ಚೂರುಚೂರಾಗಿ ಕೈಗೆ ಬರುತ್ತದೆ. ಅಕ್ಷರಗಳು ಒಂದಕ್ಕೊಂದು ತಾಗುವಂತೆ ಹತ್ತಿರ ತಂದು, ಸೊನ್ನೆಗೂ ಒತ್ತಿಗೂ ಕೂದಲೆಳೆಯ ಸೇತುವೆ ಹಾಕಿದರೆ ಇಡೀ ಪದ ಒಂದೇ ತುಂಡಾಗಿ ಎದ್ದು ಬರುತ್ತದೆ. ಅಷ್ಟೆಲ್ಲ ಬೇಡವೆನ್ನಿಸಿದರೆ ಕೈಯಲ್ಲೇ ಬರೆದುಬಿಡು. ನಿನ್ನ ಅಕ್ಷರ ಚೆನ್ನಾಗಿದೆ. ಚೆನ್ನಾಗಿಲ್ಲದಿದ್ದರೂ ಅದು ನಿನ್ನದೆಂದು ಗುರುತು ಸಿಗುತ್ತದಲ್ಲ!

ಬರೆಯುವ ಮಾತು ಬಂದದ್ದಕ್ಕೆ ಒಂದು ತಮಾಷೆ ಹೇಳುತ್ತೇನೆ. ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು ಎಂದು ಹೆಸರಾದದ್ದು 1843ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಹೆನ್ರಿ ಕೋಲ್ ಎಂಬಾತ ಗೆಳೆಯರಿಗೆಲ್ಲ ಒಂದೊಂದು ಕಾಗದ ಬರೆಯಲು ಪುರುಸೊತ್ತಿಲ್ಲವೆಂದು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿದ. 1,000 ಪ್ರತಿ ಅಚ್ಚಾಯಿತು. ಯಾರಿಗೆ, ಯಾರಿಂದ ಎಂದು ತುಂಬಲು ಖಾಲಿ ಜಾಗ ಬಿಟ್ಟಿದ್ದರು. ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದವನ್ನು ಒಂದೊಂದು ಶಿಲ್ಲಿಂಗಿಗೆ ಮಾರಾಟಕ್ಕೆ ಬಿಟ್ಟ. ಅಂದರೆ ಶುಭಾಶಯದ ಕಾರ್ಡು ಬೆಳೆದದ್ದೇ ಕಾಗದ ಬರೆಯುವ ಶ್ರಮ ತಪ್ಪಿಸಲು. ಈಗ ಆ ಶ್ರಮವೂ ಬೇಡವಾಗಿ ಬೆಳಗಾಗುವಷ್ಟರಲ್ಲಿ ಒಂದೇ ಎಳ್ಳುಬೆಲ್ಲದ ಚಿತ್ರ ನೂರು ಫೋನಿಗೆ ಹೋಗುತ್ತದೆ. ನೀನು ಹಿಡಿದಿರುವುದು ಇದರ ಎದುರು ದಾರಿ. ಹಿಡಿದ ಮೇಲೆ ಅರ್ಧಕ್ಕೆ ನಿಲ್ಲಿಸಬೇಡ. ಮುಖಪುಟಕ್ಕೆ ಎಷ್ಟು ಹೊತ್ತು ಕೊಡುತ್ತೀಯೋ ಒಳಪುಟಕ್ಕೂ ಕೊಡು. ಸೋದರತ್ತೆಗೆ ಬರೆಯುವಾಗ ಅವಳ ಮಂಡಿನೋವು ಕೇಳು, ಮೇಷ್ಟರಿಗೆ ಬರೆಯುವಾಗ ಅವರು ಕಲಿಸಿದ ಯಾವುದೋ ಒಂದು ಪಾಠ ನೆನೆ. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ಹೊಂದಬಾರದು. ಹೊಂದಿದರೆ ಅದು ನಾವು ಪ್ರೆಸ್ಸಿನಲ್ಲಿ ಮಾಡುತ್ತಿದ್ದ ಸಾವಿರದ ಮಾಲೇ ಆಯಿತು.

ಯಾರಿಗೆ ಎಂಬುದು ಮೊದಲು ತೀರ್ಮಾನವಾಗಲಿ, ಬಣ್ಣ, ಕಾಗದ, ಡೈ ಎಲ್ಲ ಆಮೇಲೆ. ಕಣ್ಣು ಮಂಜಾದ ನಿನ್ನ ಅಜ್ಜಿಗಾದರೆ ದೊಡ್ಡ ಆಕಾರ, ಬೆರಳಿಗೆ ತಾಗುವ ಉಬ್ಬು. ಪುಟ್ಟ ತಮ್ಮನಿಗಾದರೆ ಎರಡು ಪದರದ ನಡುವೆ ನಾಲ್ಕು ಎಳ್ಳು ಹಾಕಿ ಪಾರದರ್ಶಕ ಹಾಳೆ ಮುಚ್ಚಿದ, ಅಲ್ಲಾಡಿಸಿದರೆ ಸದ್ದಾಗುವ ಕಾರ್ಡು. ಎಲ್ಲದರಲ್ಲೂ ಅರ್ಧ ಜಾಗ ಖಾಲಿ ಇರಲಿ. ಯಂತ್ರ ಇದೆಯೆಂದು ಕಾರ್ಡಿನ ತುಂಬ ಹೂ ಸುರಿದರೆ ಯಾವ ಹೂವೂ ಕಾಣಿಸುವುದಿಲ್ಲ.

ಕೊನೆಗೆ ಅಂಚೆಯ ಲೆಕ್ಕ. 300 ಜಿ.ಎಸ್.ಎಂ.ನ ಅರ್ಧ ಎ4 ಹಾಳೆ ಸುಮಾರು 9.4 ಗ್ರಾಂ ತೂಗುತ್ತದೆ. ಸಾದಾ ಲಕೋಟೆಯ ದರದ ಲೆಕ್ಕ 20 ಗ್ರಾಮಿನದು. ಹೂ, ಟೇಪು, ಲಕೋಟೆ ಎಲ್ಲ ಸೇರಿ ಅದನ್ನು ಮೀರಿದರೆ ಹೆಚ್ಚಿನ ಅಂಚೆಚೀಟಿ ಹಚ್ಚು, ಇಲ್ಲದಿದ್ದರೆ ಶುಭಾಶಯ ಪಡೆದವರೇ ದಂಡ ಕಟ್ಟಬೇಕಾಗುತ್ತದೆ. ಎತ್ತರದ ಹೂವಿನ ಮೇಲೆ ಅಂಚೆಯ ಮುದ್ರೆ ಬಿದ್ದರೆ ನಜ್ಜುಗುಜ್ಜಾಗುತ್ತದೆ. ಆದ್ದರಿಂದ ಚೀಟಿ ಹಚ್ಚುವ ಮೂಲೆಯ ಕೆಳಗೆ ಎತ್ತರದ ಅಲಂಕಾರ ಬೇಡ. ಹಬ್ಬಕ್ಕೆ ಎಂಟು ದಿನ ಮುಂಚೆಯೇ ಡಬ್ಬಕ್ಕೆ ಹಾಕು. ವಿಳಾಸದಲ್ಲಿ ಪಿನ್ ಕೋಡ್ ಮರೆಯಬೇಡ. ಕಾರ್ಡಿನ ಫೋಟೋ ತೆಗೆದು ಮೊದಲೇ ಎಲ್ಲರಿಗೂ ಫೋನಿನಲ್ಲಿ ಕಳಿಸಿಬಿಡಬೇಡ. ಅವರು ಲಕೋಟೆ ಬಿಚ್ಚಿಯೇ ನೋಡಲಿ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ತಾತ