ಚೈನ್ ಮಷಿನ್ ಲಾರಿಗೆ ಹತ್ತಿಸಿ ಕಟ್ಟುವುದು ಹೇಗೆ?

ನೆಲ್ಲು ಕೊಯ್ಲಿಗೆ ಬಂತೆಂದರೆ ಸಿಂಧನೂರಿನ ರಸ್ತೆಗಳ ತುಂಬ ಕಟಾವು ಯಂತ್ರಗಳದೇ ಓಡಾಟ. ಮುಂಗಾರಿನ ಬೆಳೆ ನವೆಂಬರ್, ಡಿಸೆಂಬರಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೂ ನೀರು ಸಿಕ್ಕ ವರ್ಷ ಏಪ್ರಿಲ್ ಹೊತ್ತಿಗೆ ಮತ್ತೊಮ್ಮೆ. ಹಸಿ ಕರಿಮಣ್ಣಿನಲ್ಲಿ ಟೈರ್ ಮಷಿನ್ ಹೂತುಕೊಳ್ಳುತ್ತದೆ, ಅದಕ್ಕೇ ಟೈರಿನ ಬದಲು ರಬ್ಬರ್ ಟ್ರ್ಯಾಕಿನ ಮೇಲೆ ಓಡುವ ಚೈನ್ ಮಷಿನ್‌ಗೆ ಬೇಡಿಕೆ. ಆದರೆ ಅದು ಡಾಂಬರಿನ ಮೇಲೆ ಓಡುವ ಗಾಡಿಯಲ್ಲ. ದೂರ ಓಡಿಸಿದರೆ ರಬ್ಬರ್ ಟ್ರ್ಯಾಕ್ ಸವೆದು ಹಾಳಾಗುತ್ತದೆ. ಹೀಗಾಗಿ ಒಂದು ಕ್ಯಾಂಪಿನಿಂದ, ಅಂದರೆ ಕಾಲುವೆ ಬಯಲಿನ ಹಳ್ಳಿಯಿಂದ, ಇನ್ನೊಂದು ಕ್ಯಾಂಪಿಗೆ, ಸಿಂಧನೂರಿನಿಂದ ಮಸ್ಕಿಗೆ, ಅಲ್ಲಿಂದ ಲಿಂಗಸುಗೂರಿನ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಹೊಲಗಳಿಗೆ ಹೋಗಬೇಕೆಂದರೆ ಲಾರಿಯೇ ಗತಿ.

ಹತ್ತಿಸುವ ಕೆಲಸ ಬಹಳ ಹುಡುಗರಿಗೆ ಬರುತ್ತದೆ. ಕಟ್ಟುವ ಕೆಲಸ ಮಾತ್ರ ಎಲ್ಲರ ಅವಸರಕ್ಕೆ ಬಲಿಯಾಗುತ್ತದೆ. "ಮೂರು ಟನ್ ಭಾರ ಐತಿ, ಎಲ್ಲಿಗಿ ಹೋಗ್ತದ ಬಿಡು" ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಈ ಬರಹ ಆ ಮಾತಿನ ವಿರುದ್ಧ. ಲಾರಿ ಬ್ರೇಕ್ ಹಾಕಿದಾಗ ಯಂತ್ರವನ್ನು ಕ್ಯಾಬಿನ್ ಕಡೆಗೆ ನೂಕುವುದು ಅದೇ ಮೂರು ಟನ್. ಈ ಕೆಲಸಕ್ಕೆ ಹೊಸದಾಗಿ ಇಳಿದಿರುವ ಆಪರೇಟರ್, ಕ್ಲೀನರ್, ಈಗಷ್ಟೇ ಮಷಿನ್ ಕೊಂಡಿರುವ ರೈತ, ಇವರನ್ನೇ ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ.

ಹಂತ 1: ಟೇಪು ಹಿಡಿಯಿರಿ

ಲಾರಿ ಗೊತ್ತುಮಾಡುವ ಮುಂಚೆ ಯಂತ್ರದ ಅಗಲ, ಎತ್ತರ, ಉದ್ದ ಅಳೆದು ಒಂದು ಕಡೆ ಬರೆದಿಡಿ. ನಮ್ಮ ಕಡೆ ಓಡಾಡುವ ಚೈನ್ ಮಷಿನ್‌ಗಳು ಹೆಚ್ಚುಕಡಿಮೆ 3ರಿಂದ 5 ಟನ್ ತೂಗುತ್ತವೆ, ಸಣ್ಣವುಗಳ ಕಟರ್ ಬಾರೇ 2 ಮೀಟರ್ ಆಸುಪಾಸು ಅಗಲ ಇರುತ್ತದೆ. ಯಂತ್ರದ ತೂಕ ಅದರ ತಗಡಿನ ಫಲಕದಲ್ಲೋ ಕೈಪಿಡಿಯಲ್ಲೋ ಸಿಗುತ್ತದೆ. ಲಾರಿ ಬಾಡಿಯ ಒಳ ಅಗಲದಲ್ಲಿ ಯಂತ್ರ ಹಿಡಿಸದಿದ್ದರೆ ಬೇರೆ ಲಾರಿ ನೋಡಿ. ಸರಕು ಬಾಡಿಯಿಂದ ಹೊರಚಾಚಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ, 2019ರ ತಿದ್ದುಪಡಿಯ ಪ್ರಕಾರ, 20,000 ರೂಪಾಯಿ ದಂಡವಿದೆ; ಇಳಿಸುವ ಖರ್ಚೂ ನಿಮ್ಮದೇ.

ಧಾನ್ಯದ ಟ್ಯಾಂಕು ಪೂರ್ತಿ ಖಾಲಿಯಾಗಿರಲಿ. ಟ್ಯಾಂಕು ಮೇಲಿರುವುದರಿಂದ ಅಲ್ಲಿ ಉಳಿದ ನೆಲ್ಲು ಇಡೀ ಯಂತ್ರದ ತೂಕವನ್ನು ಮೇಲಕ್ಕೆತ್ತಿ ಓಲಾಡಿಸುತ್ತದೆ.

ಹಂತ 2: ಮಣ್ಣು ಕೆರೆದು ತೆಗೆಯಿರಿ

ಹಸಿ ಹೊಲದಿಂದ ಬಂದ ಟ್ರ್ಯಾಕಿನ ಸಂದಿಗಳಲ್ಲಿ ಕರಿಮಣ್ಣು ಅಂಟಿರುತ್ತದೆ. ಸಲಿಕೆ ತಗೊಂಡು ಅದನ್ನು ಕೆರೆಯದೆ ರ‍್ಯಾಂಪಿನ ಹತ್ತಿರ ತರಬೇಡಿ. ಲಾರಿ ಬಾಡಿಯ ನೆಲವನ್ನೂ ಗುಡಿಸಿ. ಹಿಂದಿನ ಬಾಡಿಗೆಯ ಒಂದೆರಡು ಹಿಡಿ ಕಾಳು, ಹೊಟ್ಟು, ಹುಲ್ಲು ಬಿದ್ದಿದ್ದರೂ ಸಾಕು, ಟ್ರ್ಯಾಕಿನ ಕೆಳಗೆ ಅವು ಬೇರಿಂಗ್ ಗುಂಡುಗಳ ಹಾಗೆ ಉರುಳುತ್ತವೆ. ತಗಡಿನ ನೆಲವಾದರೆ ಟ್ರ್ಯಾಕು ನಿಲ್ಲುವ ಜಾಗಕ್ಕೆ ಹಳೆಯ ರಬ್ಬರ್ ಹಾಸು ಹಾಕಿ. ಜಾರುವುದನ್ನು ತಡೆಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಹಂತ 3: ರ‍್ಯಾಂಪ್ ಉದ್ದ ಇರಲಿ

ರ‍್ಯಾಂಪಿನ ಉದ್ದ ಲಾರಿ ಬಾಡಿಯ ಎತ್ತರದ ನಾಲ್ಕು ಪಟ್ಟಾದರೂ ಇರಬೇಕು. ಬಾಡಿ ನೆಲದಿಂದ 1.2 ಮೀಟರ್ ಮೇಲಿದ್ದರೆ ರ‍್ಯಾಂಪ್ 4.8 ಮೀಟರ್. ಆಗ ಏರು 15 ಡಿಗ್ರಿಯೊಳಗೆ ಬರುತ್ತದೆ. ಅಷ್ಟುದ್ದದ ಕಬ್ಬಿಣದ ಹಲಗೆ ಎಲ್ಲರ ಹತ್ತಿರ ಇರುವುದಿಲ್ಲ, ಇದ್ದರೂ ಹೊರುವುದು ಕಷ್ಟ. ಅದಕ್ಕೆ ದಿಬ್ಬ ಹುಡುಕಿ. 60 ಸೆಂಟಿಮೀಟರ್ ಎತ್ತರದ ಗಟ್ಟಿ ದಿಬ್ಬದ ಬುಡಕ್ಕೆ ಲಾರಿಯ ಹಿಂಬದಿ ತಂದು ನಿಲ್ಲಿಸಿದರೆ ಉಳಿದ ಎತ್ತರಕ್ಕೆ 2.4 ಮೀಟರ್ ಹಲಗೆ ಸಾಕು. ಕಾಲುವೆಯ ಏರಿಯನ್ನು ಮಾತ್ರ ಬಳಸಬೇಡಿ. ನೀರು ಹರಿಯುವಾಗ ಅದರ ಅಂಚು ಒಳಗಿಂದ ಮೆತ್ತಗಾಗಿರುತ್ತದೆ, ಭಾರ ತಡೆಯದೆ ಕುಸಿಯಬಹುದು.

ಏರು ಕಡಿದಾದರೆ ಇನ್ನೊಂದು ತೊಂದರೆ. ಯಂತ್ರದ ಮುಂದಿನ ಕಟರ್ ಬಾರ್ ತಗ್ಗಿನಲ್ಲಿರುತ್ತದೆ, ರ‍್ಯಾಂಪಿನ ಬುಡಕ್ಕೆ ಬರುತ್ತಲೇ ಅದರ ಬೆರಳುಗಳು ಹಲಗೆಗೆ ತಾಗುತ್ತವೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ರೇಸ್ ಕಾರು ಒಯ್ಯುವವರಿಗೂ ಇದೇ ಫಜೀತಿ. ಆ ಕಾರುಗಳ ಮೂತಿ ನೆಲಕ್ಕೆ ಅಂಟಿದಂತಿರುತ್ತದೆ. ಅಂಥ ಕಾರು ಹತ್ತಿಸುವಾಗ ರ‍್ಯಾಂಪಿನ ಮುಂದೆ ಇನ್ನೊಂದು ತೆಳ್ಳನೆಯ ಹಲಗೆ ಇಟ್ಟು ಏರನ್ನು ಎರಡು ಹಂತ ಮಾಡುತ್ತಾರೆ. ನೀವೂ ಹಾಗೆಯೇ ಬುಡದಲ್ಲೊಂದು ಗಟ್ಟಿ ಮರದ ಹಲಗೆ ಕೊಡಿ.

ಹಂತ 4: ಮೊದಲು ಲಾರಿ ಅಲುಗದಂತೆ ಮಾಡಿ

ಹ್ಯಾಂಡ್ ಬ್ರೇಕ್, ಗೇರು, ನಾಲ್ಕೂ ಕಡೆ ಚಕ್ರಕ್ಕೆ ಅಡ್ಡಗಲ್ಲು ಅಥವಾ ಮರದ ತುಂಡು. ಯಂತ್ರ ರ‍್ಯಾಂಪ್ ಏರುವಾಗ ಲಾರಿಯನ್ನು ಮುಂದಕ್ಕೆ ನೂಕುತ್ತದೆ. ಆಗ ಲಾರಿ ಒಂದು ಗೇಣು ಸರಿದರೂ ಹಲಗೆಯ ಕೊಕ್ಕೆ ಕಳಚುತ್ತದೆ. ಹಲಗೆಯ ಕೊಕ್ಕೆಗಳನ್ನು ಬಾಡಿಗೆ ಸರಪಳಿಯಿಂದ ಬಿಗಿದು ಕಟ್ಟಿ. ಲಾರಿಯ ಹಿಂಬದಿ ಚಾಸಿ ಕೆಳಗೆ ದಪ್ಪ ಮರದ ದಿಮ್ಮಿ ಕೊಡಿ, ಇಲ್ಲದಿದ್ದರೆ ಭಾರ ಬೀಳುತ್ತಲೇ ಹಿಂಬದಿ ಕುಸಿದು ರ‍್ಯಾಂಪ್ ಕುಣಿಯುತ್ತದೆ.

ಹಂತ 5: ಹತ್ತಿಸುವುದು

ಮುಂದಕ್ಕೆ ಹತ್ತಿಸಬೇಕೋ ಹಿಂದಕ್ಕೋ ಎಂಬುದನ್ನು ನಿಮ್ಮ ಯಂತ್ರದ ಕೈಪಿಡಿ ಹೇಳುತ್ತದೆ, ಅದನ್ನೇ ಪಾಲಿಸಿ. ಅತಿ ಕಡಿಮೆ ಗೇರು. ಹಲಗೆಯ ಮೇಲೆ ಬಂದ ಮೇಲೆ ಗೇರು ಬದಲಿಸಬಾರದು, ನ್ಯೂಟ್ರಲ್ ಮಾಡಬಾರದು, ತಿರುಗಿಸಬಾರದು. ಓರೆಯಾಯಿತೆಂದು ಕಂಡರೆ ಪೂರ್ತಿ ಕೆಳಗಿಳಿಸಿ, ನೆಲದ ಮೇಲೆ ನೇರ ಮಾಡಿಕೊಂಡು ಮತ್ತೆ ಹತ್ತಿಸಿ.

ತುದಿ ಮುಟ್ಟಿದಾಗ ಒಂದು ಕ್ಷಣ ಬರುತ್ತದೆ: ಯಂತ್ರದ ಅರ್ಧ ಬಾಡಿಯೊಳಗೆ, ಅರ್ಧ ಗಾಳಿಯಲ್ಲಿ. ಅಲ್ಲಿ ಅದು ತಟಕ್ಕನೆ ಮುಂದಕ್ಕೆ ಬಾಗುತ್ತದೆ. ಆಗ ಗಾಬರಿಬಿದ್ದು ಲಿವರ್ ಎಳೆಯಬೇಡಿ. ತುದಿಗೆ ಬರುವ ಮುಂಚೆಯೇ ವೇಗ ಇನ್ನಷ್ಟು ತಗ್ಗಿಸಿದ್ದರೆ ಯಂತ್ರ ನಿಧಾನಕ್ಕೆ ಕೂರುತ್ತದೆ. ದಾರಿ ತೋರಿಸುವವನು ಒಬ್ಬನೇ ಇರಲಿ, ಪಕ್ಕದಲ್ಲಿ ದೂರ ನಿಲ್ಲಲಿ, ಆಪರೇಟರಿನ ಕಣ್ಣಿಗೆ ಕಾಣುತ್ತಿರಲಿ. ರ‍್ಯಾಂಪಿನ ಹಿಂದೆ, ಲಾರಿಯೊಳಗೆ ಯಂತ್ರದ ಮುಂದೆ ಯಾರೂ ಇರಬಾರದು. ಹತ್ತಿಸುವುದನ್ನು ನೋಡಲು ಬಂದು ನಿಂತ ಮಕ್ಕಳನ್ನು ಮೊದಲೇ ದೂರ ಕಳಿಸಿ.

ಹಂತ 6: ಕೂರಿಸುವುದು

ಯಂತ್ರದ ಭಾರ ಲಾರಿಯ ಹಿಂದಿನ ಆಕ್ಸಲ್‌ಗಿಂತ ತುಸು ಮುಂದೆ ಬೀಳುವಂತೆ ನಿಲ್ಲಿಸಿ. ಕಟರ್ ಬಾರಿನ ಕೆಳಗೆ ಎರಡು ಮರದ ದಿಮ್ಮಿ ಇಟ್ಟು, ಕೈಕಾಲು ಹೊರಗೆ ತೆಗೆದ ಮೇಲೆ, ಅದನ್ನು ದಿಮ್ಮಿಯ ಮೇಲೆ ಇಳಿಸಿ. ಹೈಡ್ರಾಲಿಕ್ ಮೇಲೆತ್ತಿ ಹಿಡಿದ ಭಾಗವನ್ನು ಹಾಗೇ ಬಿಟ್ಟು ರಸ್ತೆಗಿಳಿಯಬೇಡಿ, ಎಣ್ಣೆ ಸೋರಿದರೆ ಅದು ದಾರಿಯಲ್ಲೇ ಕೆಳಗಿಳಿಯುತ್ತದೆ. ಕಾಳು ಹೊರಹಾಕುವ ಉದ್ದ ಪೈಪನ್ನು ಅದರ ಆಸರೆಯ ಮೇಲೆ ಮಡಚಿ ಪಿನ್ ಹಾಕಿ. ಎಂಜಿನ್ ಬಂದ್, ಪಾರ್ಕಿಂಗ್ ಬ್ರೇಕ್, ಕೀಲಿ ಜೇಬಿಗೆ.

ಆಮೇಲೆ ಎರಡೂ ಟ್ರ್ಯಾಕಿನ ಹಿಂದೆ ಮುಂದೆ ಮರದ ತುಂಡು ಒತ್ತಿ ಕೊಡಿ. ಬಾಡಿಯ ನೆಲ ಹಲಗೆಯದಾದರೆ ಮೊಳೆ ಹೊಡೆದು ಕೂರಿಸಿ.

ಹಂತ 7: ಕಟ್ಟುವುದು

ಇಲ್ಲಿ ಅವಸರ ಬೇಡ.

ಎಷ್ಟು ಬಲ ತಡೆಯಬೇಕು ಎಂಬುದಕ್ಕೆ ಯುರೋಪಿನ ಸರಕು ಕಟ್ಟುವ ಮಾನದಂಡ ಒಂದು ಲೆಕ್ಕ ಕೊಡುತ್ತದೆ. ಗಟ್ಟಿ ಬ್ರೇಕಿಗೆ ಸರಕಿನ ತೂಕದ 0.8 ಪಾಲು ಮುಂದಕ್ಕೆ ನೂಕುತ್ತದೆ. ತಿರುವಿನಲ್ಲಿ ಪಕ್ಕಕ್ಕೆ, ಎಳೆತಕ್ಕೆ ಹಿಂದಕ್ಕೆ 0.5 ಪಾಲು. ಅಂದರೆ 3 ಟನ್ ಯಂತ್ರ ಮುಂದಕ್ಕೆ 2.4 ಟನ್ ಬಲದಿಂದ ನುಗ್ಗುತ್ತದೆ. ಅದನ್ನು ಅಡ್ಡಕೊಟ್ಟ ಮರವೂ ಬೆಲ್ಟೂ ಸೇರಿ ತಡೆಯಬೇಕು.

50 ಮಿಲಿಮೀಟರ್ ಅಗಲದ ರ‍್ಯಾಚೆಟ್ ಬೆಲ್ಟಿನ ಲೇಬಲ್ಲಿನ ಮೇಲೆ ಎಲ್‌ಸಿ 2500 ಎಂದಿದ್ದರೆ, ನೇರ ಎಳೆತದಲ್ಲಿ ಅದು ಸುಮಾರು ಎರಡೂವರೆ ಟನ್ ತಡೆಯುತ್ತದೆ. ಅಂಥವು ನಾಲ್ಕು ಬೇಕು, ನಾಲ್ಕು ಮೂಲೆಗೆ ಒಂದೊಂದು. ಲೇಬಲ್ ಇಲ್ಲದ ಬೆಲ್ಟು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ನೈಲಾನ್ ಹಗ್ಗ ಹುಲ್ಲು, ಚೀಲ ಕಟ್ಟಲು ಸರಿ, ಇದಕ್ಕಲ್ಲ. ಭಾರ ಬಿದ್ದಂತೆ ಅದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಯಂತ್ರಕ್ಕೆ ಓಡಲು ಜಾಗ ಸಿಗುತ್ತದೆ.

ಎಲ್ಲಿಗೆ ಕಟ್ಟಬೇಕು? ಯಂತ್ರದ ಕಡೆ, ಗಟ್ಟಿ ಫ್ರೇಮಿನಲ್ಲಿ ಕಟ್ಟಲೆಂದೇ ಇರುವ ತೂತು ಅಥವಾ ಕೊಕ್ಕೆಗೆ. ರೀಲು, ಕೈಹಿಡಿ ಕಂಬಿ, ಹೈಡ್ರಾಲಿಕ್ ಸಿಲಿಂಡರ್, ಪೈಪು ಇವುಗಳಿಗೆ ಬೆಲ್ಟು ತಾಗಲೇಬಾರದು. ರೇಸ್ ಕಾರನ್ನು ಹಲವರು ಚಕ್ರಕ್ಕೇ ಬೆಲ್ಟು ಹಾಕಿ ಕಟ್ಟುತ್ತಾರೆ, ಏಕೆಂದರೆ ಮೇಲಿನ ದೇಹ ಸ್ಪ್ರಿಂಗಿನ ಮೇಲೆ ಕುಣಿಯುತ್ತದೆ. ಚೈನ್ ಮಷಿನ್‌ಗೆ ಅಂಥ ಸ್ಪ್ರಿಂಗ್ ಇಲ್ಲ, ಫ್ರೇಮಿಗೆ ಕಟ್ಟಿದರೆ ಇಡೀ ಯಂತ್ರ ಹಿಡಿತಕ್ಕೆ ಬರುತ್ತದೆ. ಲಾರಿಯ ಕಡೆ, ಬಾಡಿಯ ಪಕ್ಕದಲ್ಲಿ ಸಾಲಾಗಿ ಇರುವ ಸಣ್ಣ ಕೊಕ್ಕೆಗಳು ತಾಡಪಾಲಿನ ಹಗ್ಗಕ್ಕೆಂದು ಇರುವಂಥವು. ಅವು ಈ ಭಾರಕ್ಕೆ ನೆಟ್ಟಗಾಗಿಬಿಡುತ್ತವೆ. ಚಾಸಿಯ ಅಡ್ಡಪಟ್ಟಿಗೆ, ಇಲ್ಲವೇ ಒಳ್ಳೆಯ ವೆಲ್ಡರಿನ ಕೈಯಲ್ಲಿ ಚಾಸಿಗೆ ಕೂಡಿಸಿದ ದಪ್ಪ ಕಡಗಕ್ಕೆ ಕಟ್ಟಿ.

ಮುಂದಿನ ಎರಡು ಬೆಲ್ಟು ಮುಂದಕ್ಕೆ, ಹಿಂದಿನ ಎರಡು ಹಿಂದಕ್ಕೆ, ನಾಲ್ಕೂ ತುಸು ಹೊರಕ್ಕೆ ಎಳೆಯಬೇಕು. ಬೆಲ್ಟು ನೆಲದೊಂದಿಗೆ 30ರಿಂದ 45 ಡಿಗ್ರಿ ಓರೆಯಾಗಿರಲಿ. 60 ಡಿಗ್ರಿಗೆ ನೆಟ್ಟಗಾದರೆ ಮುಂದಕ್ಕೆ ನುಗ್ಗುವುದನ್ನು ತಡೆಯುವ ಅದರ ಬಲ ಅರ್ಧಕ್ಕಿಳಿಯುತ್ತದೆ. ಬ್ರೇಕಿನ ಹೊಡೆತ ತಡೆಯುವುದು ಹಿಂದಿನ ಎರಡು. ಹಾಗಾಗಿ ಇದ್ದುದರಲ್ಲಿ ಒಳ್ಳೆಯ ಬೆಲ್ಟು ಅಲ್ಲಿಗೆ ಹೋಗಲಿ.

ಬೆಲ್ಟಿನ ತುದಿಯನ್ನು ರ‍್ಯಾಚೆಟ್ಟಿನ ಸೀಳಿನಲ್ಲಿ ತೂರಿಸಿ ಮೊದಲು ಕೈಯಿಂದಲೇ ಸಡಿಲ ಎಳೆದುಕೊಳ್ಳಿ, ತಿರುಚಿದ್ದರೆ ಬಿಡಿಸಿ. ಆಮೇಲೆ ಹಿಡಿ ಆಡಿಸಿ. ಉರುಳೆಯ ಮೇಲೆ ಎರಡು ಮೂರು ಸುತ್ತು ಬಿದ್ದಿರಬೇಕು. ಒಂದೇ ಸುತ್ತಾದರೆ ಜಾರುತ್ತದೆ, ಸುತ್ತು ಬಹಳವಾದರೆ ಸಿಕ್ಕಿಕೊಂಡು ಬಿಚ್ಚಲು ಬರುವುದಿಲ್ಲ. ಹಿಡಿಗೆ ಕಬ್ಬಿಣದ ಪೈಪು ತೊಡಿಸಿ ಬಿಗಿಯಬೇಡಿ, ಕೈಬಲ ಸಾಕು. ಕೊನೆಗೆ ಹಿಡಿಯನ್ನು ಪೂರ್ತಿ ಮಡಚಿ ಬೀಗ ಬಿದ್ದ ಸದ್ದು ಕೇಳಿ. ಉಳಿದ ತುದಿಯನ್ನು ಗಂಟು ಹಾಕಿ. ಬೆಲ್ಟು ಕಬ್ಬಿಣದ ಅಂಚಿಗೆ ಒರಗುವಲ್ಲೆಲ್ಲ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಕೊಡಿ. ಅಂಚು ಕಚ್ಚಿದ ಬೆಲ್ಟನ್ನು ಮತ್ತೆ ಬಳಸಬೇಡಿ.

ಹಂತ 8: ದಾರಿಯಲ್ಲಿ

ಹೊರಟು ಐದಾರು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ. ಕುಲುಕಾಟಕ್ಕೆ ಯಂತ್ರ ಕೂತು ಬೆಲ್ಟು ಸಡಿಲವಾಗಿರುತ್ತದೆ, ಮತ್ತೆ ಬಿಗಿಯಿರಿ. ಸಿಂಧನೂರಿನಿಂದ ಲಿಂಗಸುಗೂರಿಗೆ ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದು ಹೋಗುವವರು ಮಸ್ಕಿಯಲ್ಲಿ ಚಹಾ ಕುಡಿಯಲು ಇಳಿದಾಗ ನಾಲ್ಕೂ ಬೆಲ್ಟು ಕೈಯಿಂದ ಒತ್ತಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಹೆದ್ದಾರಿ ಬಿಟ್ಟು ಕ್ಯಾಂಪಿನ ದಾರಿಗೆ ತಿರುಗಿದ ಮೇಲೆ ಕಣ್ಣು ಮೇಲಿರಲಿ. ಹೊಲದ ಮೇಲೆ ಹಾದ ವಿದ್ಯುತ್ ತಂತಿ ಎಷ್ಟೋ ಕಡೆ ಜೋತು ಬಿದ್ದಿರುತ್ತದೆ, ಲಾರಿಯ ಮೇಲೆ ಕೂತ ಯಂತ್ರದ ನೆತ್ತಿ ಅದರ ಹತ್ತಿರಕ್ಕೇ ಹೋಗುತ್ತದೆ. ಬಿದಿರು ಕೋಲಿನಿಂದ ತಂತಿ ಎತ್ತಿ ಲಾರಿ ದಾಟಿಸುವ ರೂಢಿ ಸಾವಿನ ದಾರಿ. ಲಾರಿ ನಿಲ್ಲಿಸಿ, 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಜೆಸ್ಕಾಂನವರಿಗೆ ತಿಳಿಸಿ, ಇಲ್ಲವೇ ಬೇರೆ ದಾರಿ ಹಿಡಿಯಿರಿ.

ಹಂತ 9: ಇಳಿಸುವುದು

ಲಾರಿಯ ಚಕ್ರಕ್ಕೆ ಅಡ್ಡ, ಚಾಸಿ ಕೆಳಗೆ ದಿಮ್ಮಿ, ರ‍್ಯಾಂಪ್, ಎಲ್ಲ ಸಿದ್ಧವಾದ ಮೇಲೆಯೇ ಬೆಲ್ಟು ಬಿಚ್ಚಿ. ಆಗಲೂ ಒಂದೊಂದಾಗಿ, ಪಕ್ಕದಲ್ಲಿ ನಿಂತು. ಉಳಿದದ್ದು ಹತ್ತಿಸಿದಂತೆಯೇ.

ಕೊನೆಯದಾಗಿ ಮಷಿನ್ ಮಾಲೀಕರಿಗೆ ಒಂದು ವಿನಂತಿ. ರಾತ್ರಿ ಹೊಲ ಬದಲಿಸುವಾಗ ದಣಿದ ಆಪರೇಟರು ಲಾರಿಯ ಮೇಲಿನ ಯಂತ್ರದ ಸೀಟಿನಲ್ಲೇ ಮಲಗುತ್ತಾನೆ, ಕ್ಲೀನರ್ ಹುಡುಗ ಅದರ ಪಕ್ಕದಲ್ಲಿ ಒರಗುತ್ತಾನೆ. ಬೆಲ್ಟು ಕಿತ್ತರೆ, ತಂತಿ ತಾಗಿದರೆ ಮೊದಲು ಸಾಯುವವರು ಅವರೇ. ಕ್ಯಾಬಿನ್ನಿನಲ್ಲಿ ಜಾಗವಿಲ್ಲದಿದ್ದರೆ ಅವರಿಗೆ ಬಸ್ ಚಾರ್ಜು ಕೊಟ್ಟು ಕಳಿಸಿ. ಲಾರಿಯ ಹಿಂದೆ ಮಾತ್ರ ಯಾರನ್ನೂ ಕೂರಿಸಬೇಡಿ.