ಕಾಲೇಜಿಗೂ ಮೊದಲು ನಾಡಕಚೇರಿ

ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜುಗಳು ಅರ್ಜಿ ಕರೆಯುವ ಹೊತ್ತಿಗೆ ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಸುಗ್ಗಿ ಜೋರಾಗಿರುತ್ತದೆ. ಅಪ್ಪ ಅಮ್ಮ ತೋಟದಲ್ಲಿ, ಮಗ ಮಂಡಿಯಲ್ಲಿ. ಮನೆಯಲ್ಲಿ ಅದುವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲವಾದರೆ, ಯಾವ ಕಾಗದ ಎಲ್ಲಿ ಮಾಡಿಸಬೇಕೆಂದು ಹೇಳುವವರೂ ಇರುವುದಿಲ್ಲ. ಈ ಬರಹ ಅಂಥ ಮನೆಗಳಿಗೆ.

ಓದುವ ಜಾಗ ಈಗ ದೂರವಿಲ್ಲ. ಬೆಂಗಳೂರು ವಿಶ್ವವಿದ್ಯಾಲಯವನ್ನು ಒಡೆದು 2017ರಲ್ಲಿ ಮಾಡಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಕೋಲಾರ ಪಕ್ಕದ ಟಮಕದಲ್ಲೇ ಇದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೂರರಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಚಿಂತೆಯೂ ತಪ್ಪಿದೆ. ಮುಳಬಾಗಿಲಿನ ಡಿವಿಜಿ ಮೆಟ್ರಿಕ್ ದಾಟದೆಯೇ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಗೌರವ ಡಿ.ಲಿಟ್. ಪಡೆದರು ಎಂದು ಕೆಲವು ತಂದೆಯರು ನೆನಪಿಸುವುದುಂಟು. ನಿಜ. ಆದರೆ ಮಗಳ ಓದು ಬಿಡಿಸುವುದಕ್ಕೆ ಅದನ್ನು ಸಾಕ್ಷಿ ಮಾಡಿಕೊಳ್ಳಬೇಡಿ.

ಸಹಾಯಧನ ಹೆಚ್ಚಾಗಿ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಲ್ಲರ ಬಾಯಲ್ಲಿರುವ 'ಎಸ್‌ಎಸ್‌ಪಿ' ಮೂಲಕವೇ ಬರುತ್ತದೆ. ಅದು ಕೇಳುವುದು ಆಧಾರ್, ಎಸ್‌ಎಸ್‌ಎಲ್‌ಸಿ ವಿವರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್. ಆರ್‌ಡಿ ನಂಬರ್ ಎಂದರೆ ನಾಡಕಚೇರಿ ಕೊಡುವ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ, ಆರ್‌ಡಿ ಅಕ್ಷರಗಳಿಂದ ಶುರುವಾಗುವ ಸಂಖ್ಯೆ. ಆದಾಯ ಪತ್ರಕ್ಕೆ ಐದು ವರ್ಷದ ಆಯಸ್ಸು. ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು ಪದವಿಗೆ ಬರುವಷ್ಟರಲ್ಲಿ ಮುಗಿದಿರಬಹುದು, ತಾರೀಖು ನೋಡಿಕೊಳ್ಳಿ.

ಹೆಚ್ಚು ಅರ್ಜಿಗಳು ನಿಲ್ಲುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ 'ನಾಗವೇಣಿ ಎನ್', ಆಧಾರ್‌ನಲ್ಲಿ 'ನಾಗವೇಣಮ್ಮ', ಜಾತಿ ಪತ್ರದಲ್ಲಿ 'ಎನ್ ನಾಗವೇಣಿ' ಎಂದಿದ್ದರೆ ಊರಿಗೆಲ್ಲ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂವರು. ಅಂಕಪಟ್ಟಿಯ ಹೆಸರು ತಿದ್ದಿಸಲು ಪರೀಕ್ಷಾ ಮಂಡಳಿಯವರೆಗೆ ಹೋಗಬೇಕು, ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಅಂಕಪಟ್ಟಿಯಲ್ಲಿರುವಂತೆಯೇ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅದೇ ಹೆಸರಿನಲ್ಲಿ ನಾಡಕಚೇರಿಗೆ ಅರ್ಜಿ ಕೊಡಿ. ಈ ಸರದಿ ತಪ್ಪಿದರೆ ಮಾಡಿಸಿದ್ದನ್ನೇ ಮತ್ತೆ ಮಾಡಿಸಬೇಕಾಗುತ್ತದೆ. ಇನ್ನು ಬ್ಯಾಂಕು. "ಖಾತೆ ಇದೆ ಸಾರ್" ಎಂದರೆ ಸಾಲದು. ಆ ಖಾತೆಗೆ ಆಧಾರ್ ಜೋಡಣೆಯಾಗಿ, ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ತೋರಿಸುವ ಎನ್‌ಪಿಸಿಐ ಪಟ್ಟಿಯಲ್ಲಿ ಇದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ. ಮಂಜೂರಾದ ಹಣ ಕೈಗೆ ಬಾರದೆ ಉಳಿಯುವುದು ಇಲ್ಲೇ.

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಪರಿಶಿಷ್ಟ ಜಾತಿಯವರು. ಅವರಲ್ಲಿ ಬಹುಪಾಲಿಗೆ ಜಾತಿ ಪತ್ರ ಸಲೀಸಾಗಿ ಸಿಗುತ್ತದೆ. ಕಷ್ಟ ಅಲೆಮಾರಿ ಕುಟುಂಬಗಳದ್ದು. ಅಪ್ಪ, ತಾತ ಶಾಲೆಗೇ ಹೋಗದಿದ್ದರೆ ತೋರಿಸಲು ಹಳೆಯ ವರ್ಗಾವಣೆ ಪತ್ರವೇ ಇರುವುದಿಲ್ಲ. ಮೇಲಾಗಿ ಈ ಭಾಗದಲ್ಲಿ ಅಧಿಕಾರಿಗಳು ಬಿಗಿಯಾಗಲು ಒಂದು ಕಾರಣವೂ ಇದೆ. 2013ರಲ್ಲಿ ಮುಳಬಾಗಿಲು ಮೀಸಲು ಕ್ಷೇತ್ರದಿಂದ ಗೆದ್ದವರ ಆಯ್ಕೆಯನ್ನು, ಅವರು ಪರಿಶಿಷ್ಟ ಜಾತಿಯ ಬುಡಗ ಜಂಗಮರಲ್ಲ ಎಂದು ಹೇಳಿ ಹೈಕೋರ್ಟು 2018ರಲ್ಲಿ ರದ್ದುಪಡಿಸಿತು. ಶಾಸಕರ ಪತ್ರವೇ ಹಾಗಾದ ಮೇಲೆ ನಿಜವಾದ ಬುಡಗ ಜಂಗಮರ ಮಗುವನ್ನೂ ಎರಡು ಸಲ ನೋಡುತ್ತಾರೆ. ಆದರೆ ದಾಖಲೆ ಇಲ್ಲವೆಂದ ಮಾತ್ರಕ್ಕೆ ದಾರಿ ಮುಚ್ಚಿಲ್ಲ. ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು (ಆರ್.ಐ.) ಸ್ಥಳಕ್ಕೆ ಬಂದು ವಿಚಾರಿಸಿ ವರದಿ ಕೊಡಬಹುದು. ಅಣ್ಣನದೋ ಚಿಕ್ಕಪ್ಪನದೋ ಪತ್ರವಿದ್ದರೆ ಅದನ್ನೂ ಜೊತೆಗಿಡಿ. ತಹಶೀಲ್ದಾರರು ಆಗದು ಎಂದರೆ ಬಾಯಿಮಾತಿಗೆ ವಾಪಸ್ ಬರಬೇಡಿ, ಆದೇಶವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 1990ರ ಮೀಸಲಾತಿ ಕಾಯ್ದೆಯಂತೆ ಮೂವತ್ತು ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಆ ಕಾಗದವಿಲ್ಲದೆ ಮೇಲ್ಮನವಿಯೂ ಇಲ್ಲ.

ಗಡಿಯ ತೊಡಕು ಬೇರೆಯೇ. ಆಂಧ್ರದ ಪಲಮನೇರು, ಪುಂಗನೂರು, ಮದನಪಲ್ಲಿಯೊಡನೆ ನಮ್ಮಲ್ಲಿ ಕೊಟ್ಟು ತರುವ ಸಂಬಂಧ ಹಳೆಯದು. ಆದರೆ ಜಾತಿಪಟ್ಟಿ ರಾಜ್ಯಕ್ಕೊಂದು. ಕರ್ನಾಟಕದಲ್ಲಿ ನಾಯಕ, ವಾಲ್ಮೀಕಿ, ಬೇಡರು ಪರಿಶಿಷ್ಟ ಪಂಗಡ. ಆಂಧ್ರದ ಬಯಲು ಸೀಮೆಯಲ್ಲಿ ಅವರಂಥದೇ ಸಮುದಾಯವಾದ ಬೋಯರು ಹಿಂದುಳಿದ ವರ್ಗ. ಅಲ್ಲಿಂದ ಬಂದು ನೆಲೆಸಿದವರು ಅಲ್ಲಿಯ ಪತ್ರವನ್ನು ಇಲ್ಲಿ ಚಲಾಯಿಸಲಾಗದು. ಜಾತಿ ಪತ್ರದಲ್ಲಿ ಇನ್ನೊಂದು ತೊಡಕೂ ಇದೆ. ತಂದೆ ಬೇರೆ ಜಾತಿಯವನಾಗಿ ಮಗು ಪರಿಶಿಷ್ಟ ಜಾತಿಯ ತಾಯಿಯ ಬಳಿಯೇ ಬೆಳೆದಿದ್ದರೆ, ತಂದೆಯ ಜಾತಿಯೇ ಅಂತಿಮವಲ್ಲ, ಮಗು ಬೆಳೆದ ರೀತಿಯನ್ನೂ ಸಾಕ್ಷ್ಯವಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಒಂಟಿ ತಾಯಂದಿರು ಇದನ್ನು ತಿಳಿದಿರಬೇಕು.

ಗಡಿಯಾಚೆ ಕೆಲ ವರ್ಷ ಓದಿದವರು ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ಸಿಇಟಿ ಬರೆಯುವಾಗ ಏಳು ವರ್ಷದ ನಿಯಮ ನೋಡಿಕೊಳ್ಳಬೇಕು. ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಏಳು ವರ್ಷವಾದರೂ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲೇ ಪಾಸಾಗಿರಬೇಕು. ಸಾಕ್ಷಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುರುಜು ಹಾಕಿದ ವ್ಯಾಸಂಗ ಪತ್ರ. ಅಮೆರಿಕದಲ್ಲೂ ಇಂಥದೊಂದು ಲೆಕ್ಕವಿದೆ. ಮೆಕ್ಸಿಕೊ ಮೊದಲಾದ ಕಡೆಯಿಂದ ಕಾಗದವಿಲ್ಲದೆ ಬಂದ ಮನೆಗಳ ಮಕ್ಕಳಿಗೆ ಶಾಲೆ ನಿರಾಕರಿಸುವಂತಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪು ಕೊಟ್ಟಿತು. ಆದರೆ ಕಾಲೇಜಿನ ಮಾತು ಅದರಲ್ಲಿರಲಿಲ್ಲ. ಕ್ಯಾಲಿಫೋರ್ನಿಯಾ 2001ರಲ್ಲಿ, ತನ್ನಲ್ಲಿ ಮೂರು ವರ್ಷ ಹೈಸ್ಕೂಲು ಓದಿ ಮುಗಿಸಿದವರಿಗೆ ಸ್ಥಳೀಯರ ಶುಲ್ಕವೇ ಸಾಕೆಂದು ಕಾನೂನು ಮಾಡಿತು. ಎಲ್ಲಿ ಹುಟ್ಟಿದೆ ಎನ್ನುವುದಕ್ಕಿಂತ ಎಲ್ಲಿ ಓದಿದೆ ಎನ್ನುವುದನ್ನು ನೋಡುವುದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಬಂತು. ಬಿ.ಎ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ಶುರುವಾಯಿತು. ಇದಕ್ಕೆ ಅಪ್ಪ ಅಥವಾ ಅಮ್ಮನ ರೈತ ಗುರುತಿನ ಸಂಖ್ಯೆ, ಎಫ್‌ಐಡಿ ಬೇಕು. ಆದರೆ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ. ಉಳುವುದು ಅಪ್ಪ, ದಾಖಲೆಯಲ್ಲಿ ಅಪ್ಪ ರೈತನೇ ಅಲ್ಲ! ಅಣ್ಣತಮ್ಮಂದಿರು ಕೂತು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಳ್ಳುವುದೇ ಇದಕ್ಕೆ ಮದ್ದು. ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಆರಂಭಿಸಿದರೆ ಸಮಯಕ್ಕೆ ಆದೀತು.

ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೂ ಅರ್ಜಿ ಆನ್‌ಲೈನೇ. ಸೀಟು ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500ರಂತೆ ಹತ್ತು ತಿಂಗಳು ಎಂದು ಶುರುವಾಗಿದ್ದು. ಮಾಲೂರು, ನರಸಾಪುರದ ಕಾರ್ಖಾನೆಗಳ ಪಾಳಿಯ ಸಂಬಳದ ಮುಂದೆ ಇದು ಪುಡಿಗಾಸು ಎನ್ನಿಸಬಹುದು. ಆದರೂ ಬಸ್ಸು, ಊಟಕ್ಕೆ ಆಧಾರ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನ ಅರ್ಜಿಯಲ್ಲಿ ಇಂಗ್ಲಿಷು ಎಂದು ಹಿಂಜರಿಯುವ ಮಕ್ಕಳಿಗೆ ಒಂದು ಮಾತು: ವಿದ್ಯಾರ್ಥಿವೇತನ ನೋಡಿಕೊಳ್ಳುವ ಅಧ್ಯಾಪಕರು ಯಾರೆಂದು ಮೊದಲ ವಾರವೇ ಕೇಳಿ, ತೆಲುಗಲ್ಲಾದರೂ ಸರಿ. ನಿಮ್ಮ ಮೂಲ ದಾಖಲೆ ನೋಡಿ ಇ-ಅಟೆಸ್ಟೇಷನ್ ಮಾಡಿಕೊಡುವ ವ್ಯವಸ್ಥೆ ಕಾಲೇಜಿನಲ್ಲೇ ಇರುತ್ತದೆ. ಜಾತಿಯ ಹೆಸರಲ್ಲಿ ಯಾರಾದರೂ ಹೀನಾಯವಾಗಿ ನಡೆಸಿಕೊಂಡರೆ ದೂರು ಕೇಳಲು ಸಮಾನ ಅವಕಾಶ ಕೋಶ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ.

ಎಸ್‌ಎಸ್‌ಪಿ ಅರ್ಜಿ ಒಂದು ಸಲ ಹಾಕಿದರೆ ಮೂರು ವರ್ಷಕ್ಕೂ ನಡೆಯುವುದಿಲ್ಲ. ಎರಡನೇ ವರ್ಷಕ್ಕೆ, ಮೂರನೇ ವರ್ಷಕ್ಕೆ ಮತ್ತೆ ಹಾಕಬೇಕು. ಪ್ರತಿ ಸಲವೂ ಸ್ವೀಕೃತಿಯ ಪ್ರತಿ ತೆಗೆಸಿ, ಸೈಬರ್ ಅಂಗಡಿಯವರ ಮೊಬೈಲಿನಲ್ಲಿ ಬಿಡದೆ, ಪಾಸ್‌ವರ್ಡ್ ಸಮೇತ ನಿಮ್ಮ ಬಳಿಯೇ ಇಟ್ಟುಕೊಳ್ಳಿ.